ಲಾಳಿ ಸಾಬ್ರ ಪಿ.ಪಿ. ನಂಬರು

"ಬೂಟು ಹೊರಗೆ ಬಿಚ್ಚಿ ಸಾರ್."

ನಮ್ಮಿಬ್ಬರ ಪರಿಚಯ ಶುರುವಾದದ್ದು ಹೀಗೆ. ಒಳಗೆ ನುಗ್ಗುತ್ತಿದ್ದವರು ಬೆಂಗಳೂರಿನಿಂದ ಬಂದ ಪೊಲೀಸ್ ಇನ್ಸ್‌ಪೆಕ್ಟರು ಎಂದು ನನಗೆ ಗೊತ್ತಿರಲಿಲ್ಲ, ಮಫ್ತಿಯಲ್ಲಿದ್ದರು. ಗೊತ್ತಿದ್ದರೂ ಅದನ್ನೇ ಹೇಳುತ್ತಿದ್ದೆ. ಟೆಲಿಫೋನ್ ಎಕ್ಸ್‌ಚೇಂಜಿನ ಸ್ವಿಚ್ ರೂಮಿಗೆ ಯಾರೇ ಬರಲಿ, ಕಾಲಿನದು ಹೊರಗೆ. ಹೊಸ ಎಲೆಕ್ಟ್ರಾನಿಕ್ ಯಂತ್ರಕ್ಕೆ ಧೂಳು ಆಗುತ್ತಿರಲಿಲ್ಲ. ಅದಕ್ಕೆ ಏಸಿ ಕೊಟ್ಟಿದ್ದರು, ನಮಗೆ ನಾವೇ ಸ್ವೆಟರ್ ತಂದುಕೊಳ್ಳುತ್ತಿದ್ದೆವು. ಅವರು ಗೊಣಗುತ್ತಾ ಬೂಟು ಬಿಚ್ಚಿದರು. ಕಾಲುಚೀಲದ ತೂತಿನಿಂದ ಹೆಬ್ಬೆರಳು ಹೊರಗೆ ಇಣುಕುತ್ತಿತ್ತು. ನಾನು ಅದನ್ನು ನೋಡಿದೆ ಎಂಬುದನ್ನು ಅವರೂ ನೋಡಿದರು. ಅಲ್ಲಿಂದ ಮುಂದೆ ನನ್ನ ಮೇಲೆ ಅವರಿಗೆ ಒಂದು ಸಣ್ಣ ಸಿಟ್ಟು ಉಳಿದೇ ಹೋಯಿತು.

ಇದು ತೊಂಬತ್ತರ ದಶಕದ ನಡುವಿನ ಮಾತು. ದೊಡ್ಡಬಳ್ಳಾಪುರದಿಂದ ಬಸ್ಸಿನಲ್ಲಿ ಸ್ವಲ್ಪ ದೂರದ ಒಂದು ಮಗ್ಗದ ಊರು. ಅಲ್ಲಿನ ಎಕ್ಸ್‌ಚೇಂಜಿಗೆ ನಾನು ಜೆ.ಟಿ.ಓ., ಅಂದರೆ ಎಂಜಿನಿಯರುಗಳಲ್ಲಿ ಎಲ್ಲರಿಗಿಂತ ಕೆಳಗಿನವಳು, ಆ ಕಟ್ಟಡದಲ್ಲಿ ಮಾತ್ರ ಎಲ್ಲರಿಗಿಂತ ಮೇಲಿನವಳು. ಊರಿನ ಹೆಸರು ಬೇಡ. ಆ ಬೀದಿಯ ಜನ ಇನ್ನೂ ಅಲ್ಲೇ ಇದ್ದಾರೆ.

ಸಂಕ್ರಾಂತಿ ಕಳೆದ ವಾರ. ಇನ್ಸ್‌ಪೆಕ್ಟರು ಒಂದು ಫೋನ್ ನಂಬರು ಹೇಳಿ, ಆ ಫೋನಿನಿಂದ ಇತ್ತೀಚಿನ ತಿಂಗಳುಗಳಲ್ಲಿ ಯಾವ ಯಾವ ಊರಿಗೆ ಎಸ್‌ಟಿಡಿ ಹೋಗಿದೆ, ಎಲ್ಲಾ ಪ್ರಿಂಟ್ ಬೇಕು ಎಂದರು.

"ಕಾಗದ ತಂದಿದ್ದೀರಾ ಸಾರ್?"

"ನಾನೇ ಬಂದಿದ್ದೀನಲ್ಲಮ್ಮಾ."

"ನೀವು ಬಂದ್ರಿ. ಕಾಗದ ಬಂದಿಲ್ಲ."

ನನಗೆ ಬಾಯಿ ಸ್ವಲ್ಪ ಜಾಸ್ತಿ. ಮನೆಯಲ್ಲೂ ಹೇಳುತ್ತಾರೆ, ಇಲಾಖೆಯಲ್ಲೂ ಹೇಳುತ್ತಿದ್ದರು. ಆದರೆ ಅವತ್ತು ಅದು ಬರೀ ಬಾಯಲ್ಲ, ನಿಯಮ. ಚಂದಾದಾರರ ವಿವರ ಕೊಡಬೇಕಾದರೆ ಪೊಲೀಸ್ ಅಧಿಕಾರಿಯ ಲಿಖಿತ ಕೋರಿಕೆ ಬೇಕು, ಅದರ ಮೇಲೆ ನಮ್ಮ ಮೇಲಧಿಕಾರಿಯ ಆದೇಶ ಬೇಕು. ಅವರು ನನ್ನ ಮೇಜಿನ ಫೋನಿನಿಂದಲೇ ನಮ್ಮ ಡಿವಿಜನ್ ಸಾಹೇಬರಿಗೆ ಫೋನು ಹಚ್ಚಿದರು, ಒಂದೆರಡು ಮಾತಾಡಿ ರಿಸೀವರ್ ನನ್ನ ಕೈಗಿಟ್ಟರು.

"ಕೊಟ್ಬಿಡಮ್ಮಾ," ಎಂದರು ಸಾಹೇಬರು. "ದೇಶದ ಗಾಳಿ ಸರಿ ಇಲ್ಲ, ಇಂಥಾ ಟೈಮಲ್ಲಿ ಇಲ್ಲ ಅನ್ನಕ್ಕಾಗುತ್ತಾ? ಪೇಪರ್ ಆಮೇಲೆ ಸರಿ ಮಾಡ್ಕೊಳ್ಳೋಣ."

"ಆಮೇಲೆ ಬೇಡ ಸಾರ್. ನಿಮ್ಮ ಸೈನ್ ಇರೋ ಆರ್ಡರ್ ಬರ್ಲಿ, ಬಂದ ತಕ್ಷಣ ಪ್ರಿಂಟ್ ಹಾಕ್ತೀನಿ."

ಮಧ್ಯಾಹ್ನ ಇಲಾಖೆಯ ಜೀಪಿನಲ್ಲಿ ಆದೇಶ ಬಂತು, ಸಹಿ, ಮೊಹರು ಸಮೇತ. ಇನ್ನು ನಾನು ಇಲ್ಲವೆನ್ನಲು ಕಾರಣವೇ ಇರಲಿಲ್ಲ. ಎಲ್ಲ ನಿಯಮದ ಪ್ರಕಾರ ಸರಿಯಾಗಿತ್ತು.

ಕೆಲಸ ಮಾತ್ರ ಸಲೀಸಾಗಿರಲಿಲ್ಲ. ಹಳೆಯ ಎಕ್ಸ್‌ಚೇಂಜಿನಲ್ಲಿ ಪ್ರತಿ ಫೋನಿಗೂ ಒಂದು ಮೀಟರ್, ಎಷ್ಟು ಓಡಿದೆ ಎಂದಷ್ಟೇ ತಿಳಿಯುತ್ತಿತ್ತು. ಹೊಸ ಯಂತ್ರ ಹಾಗಲ್ಲ. ಯಾವ ನಂಬರಿನಿಂದ ಯಾವ ನಂಬರಿಗೆ, ಯಾವತ್ತು, ಎಷ್ಟು ಹೊತ್ತು ಎಂದು ಪ್ರತಿ ಎಸ್‌ಟಿಡಿ ಕರೆಯನ್ನೂ ಟೇಪಿಗೆ ಬರೆದುಕೊಳ್ಳುತ್ತಿತ್ತು. ಬಿಲ್ಲಿನ ತಕರಾರು ಬಂದರೆ ತೋರಿಸಲು ಅದು ಅನುಕೂಲ. ಅದಕ್ಕೆಂದೇ ಬಂದ ಸೌಲಭ್ಯ ಅದು, ಬೇರೆ ಯಾವುದಕ್ಕಾದರೂ ಬೇಕಾದೀತು ಎಂದು ನಮ್ಮ ಟ್ರೇನಿಂಗಿನಲ್ಲಿ ಯಾರೂ ಹೇಳಿರಲಿಲ್ಲ. ನಾನು ಟೇಪು ಸಿಕ್ಕಿಸಿ ಕಮಾಂಡ್ ಕೊಟ್ಟೆ. ಪ್ರಿಂಟರಿನ ರಿಬ್ಬನ್ ಒಣಗಿ ಅಕ್ಷರಗಳೇ ಮೂಡಲಿಲ್ಲ. ರಿಬ್ಬನ್ ಬದಲಿಸುವಷ್ಟರಲ್ಲಿ ಕರೆಂಟು ಹೋಯಿತು. ಯಂತ್ರ ಬ್ಯಾಟರಿಯಲ್ಲಿ ಓಡುತ್ತದೆ, ಪ್ರಿಂಟರ್ ಓಡುವುದಿಲ್ಲ. ಹಿಂದಿನ ತಿಂಗಳ ಟೇಪು ಬಿಲ್ಲಿಂಗಿಗೆಂದು ಬೆಂಗಳೂರಿಗೆ ಹೋಗಿತ್ತು, ಅದನ್ನು ವಾಪಸು ತರಿಸಬೇಕಾಯಿತು. ಇನ್ಸ್‌ಪೆಕ್ಟರು ಮಾರನೆಯ ದಿನವೂ ಬಂದು ಬೂಟು ಬಿಚ್ಚಿ ಕೂತರು. ಹೊಸ ಕಾಲುಚೀಲ ಹಾಕಿಕೊಂಡು ಬಂದಿದ್ದರು, ಪಾಪ.

ಕಾಯುವಾಗ ಅವರ ಕಣ್ಣು ಟೆಸ್ಟ್ ಡೆಸ್ಕಿನ ಮೇಲೆ ಬಿತ್ತು. ಲೈನು ಕೆಟ್ಟಿದೆ ಎಂದು ದೂರು ಬಂದರೆ ನಾವು ಅಲ್ಲಿ ಕೂತು ಪರೀಕ್ಷೆ ಮಾಡುವುದು.

"ಇಲ್ಲಿ ಕೂತ್ರೆ ಯಾರ ಮಾತಾದ್ರೂ ಕೇಳುತ್ತಲ್ವಾ? ಒಂದು ಹೆಡ್‌ಫೋನ್ ಸಿಕ್ಕಿಸಿಕೊಡಿ, ನಮ್ಮ ಹುಡುಗ ಒಬ್ಬ ಕೂತಿರ್ತಾನೆ."

"ಅದಕ್ಕೆ ಸರ್ಕಾರದ ಆರ್ಡರ್ ಬೇಕು ಸಾರ್. ನಮ್ಮ ಸಾಹೇಬ್ರದ್ದಲ್ಲ, ಅವರ ಮೇಲಿನೋರದ್ದೂ ಅಲ್ಲ. ಗೃಹ ಇಲಾಖೆದು."

"ಬಲೇ ಗಟ್ಟಿ ಇದ್ದೀಯಮ್ಮಾ."

"ನನ್ನ ಮದುವೆ ಆದೋರೂ ಹಂಗೇ ಅಂತಾರೆ."

ಅವರು ನಕ್ಕುಬಿಟ್ಟರು. ಕೆಟ್ಟ ಮನುಷ್ಯರಾಗಿದ್ದರೆ ಈ ಕಥೆ ಹೇಳುವುದು ಸುಲಭವಾಗುತ್ತಿತ್ತು.

ಕೊನೆಗೂ ಪ್ರಿಂಟು ಬಂತು. ಅಂಚಿನಲ್ಲಿ ತೂತುಗಳಿರುವ ಉದ್ದನೆಯ ಹಾಳೆ ನೆಲದವರೆಗೆ ಇಳಿಯಿತು. ಸೂರತ್ತು, ಸೇಲಂ, ಧರ್ಮಾವರಂ, ಬೆಂಗಳೂರಂತೂ ಲೆಕ್ಕವಿಲ್ಲ. ನಡುನಡುವೆ ಭಿವಂಡಿಯ ಒಂದೇ ನಂಬರು ಮತ್ತೆ ಮತ್ತೆ. ಭಿವಂಡಿ ಎಂದರೆ ಬೊಂಬಾಯಿಯ ಪಕ್ಕದ ಊರು. ಇನ್ಸ್‌ಪೆಕ್ಟರು ಅದರ ಕೆಳಗೆ ಪೆನ್ಸಿಲಿನಿಂದ ಗೆರೆ ಎಳೆದರು.

"ಇದೇ. ನಾವು ಹುಡುಕ್ತಾ ಇರೋ ಆಸಾಮಿ ಅಲ್ಲಿ ಇದೇ ನಂಬರಲ್ಲಿ ಮಾತಾಡ್ತಿದ್ದ. ಈ ಕಡೆ ಫೋನು ಯಾರ ಹೆಸರಲ್ಲಿದೆ?"

ವಿಳಾಸ ನೋಡುವ ಮೊದಲೇ ನನಗೆ ಗೊತ್ತಾಗಿತ್ತು. ಸೂರತ್ತಿನ ಜರಿ, ಸೇಲಮ್ಮಿನ ನೂಲು, ಧರ್ಮಾವರದ ಬೀಗರು, ಇಷ್ಟೂ ಒಂದೇ ಫೋನಿನಲ್ಲಿ ಎಂದರೆ ಆ ಊರಲ್ಲಿ ಅದು ಒಂದೇ ಫೋನು.

"ಸಾರ್, ಇದು ಪಿ.ಪಿ. ಫೋನು," ಎಂದೆ.

"ಏನು ಪಿ.ಪಿ.?"

ಬೆಂಗಳೂರಿನಲ್ಲಿ ಮನೆಯಲ್ಲೇ ಫೋನಿಟ್ಟುಕೊಂಡವರಿಗೆ ಅದು ಮರೆತೇ ಹೋಗಿತ್ತು. ಆಗ ನಮ್ಮ ಕಡೆಯ ಯಾವ ಲಗ್ನಪತ್ರಿಕೆ ತೆಗೆದರೂ ಕೆಳಗೆ ಒಂದು ನಂಬರು, ಪಕ್ಕದಲ್ಲಿ ಪಿ.ಪಿ. ಎಂಬ ಎರಡು ಅಕ್ಷರ ಇರುತ್ತಿತ್ತು. ಇದು ನಮ್ಮ ಫೋನಲ್ಲ, ಆದರೆ ಇಲ್ಲಿಗೆ ಮಾಡಿದರೆ ನಮ್ಮನ್ನು ಕೂಗಿ ಕರೆಯುತ್ತಾರೆ ಎಂದು ಅದರ ಅರ್ಥ. ಹೊಸ ಫೋನಿಗೆ ಅರ್ಜಿ ಹಾಕಿದರೆ ವರ್ಷಗಟ್ಟಲೆ ಕಾಯಬೇಕಿದ್ದ ಕಾಲ. ಇಡೀ ಬೀದಿಗೆ ಒಂದು ಫೋನು ಇರುತ್ತಿತ್ತು, ಅದು ಇಡೀ ಬೀದಿಯದು. ಇದನ್ನೆಲ್ಲ ನಾನು ಹೇಳಿದೆ. ಅವರು ತಾಳ್ಮೆಯಿಂದಲೇ ಕೇಳಿ, "ಸರಿ, ಫೋನು ಯಾರ ಹೆಸರಲ್ಲಿದೆ?" ಎಂದು ಮತ್ತೆ ಅದನ್ನೇ ಕೇಳಿದರು.

ಫೋನು ಲಾಳಿ ಸಾಬ್ರ ಹೆಸರಲ್ಲಿತ್ತು.

ಅವರದು ಮಗ್ಗದ ಬಿಡಿಭಾಗಗಳ ಅಂಗಡಿ. ನೇಕಾರರ ಬೀದಿಯ ಮೂಲೆ, ಹಿಂದೆ ಮನೆ, ಮುಂದೆ ಅಂಗಡಿ. ಮಗ್ಗದಲ್ಲಿ ಅತ್ತಿಂದಿತ್ತ ಓಡುವ ಲಾಳಿಯ ಮೂತಿ ಸವೆದರೆ ಸೀರೆಯ ಎಳೆ ಕತ್ತರಿಸುತ್ತದೆ, ಅದನ್ನು ನಯ ಮಾಡಿಕೊಡುವುದರಲ್ಲಿ ಸಾಬ್ರದು ಹೆಸರಾದ ಕೈ. ಅಂಗಡಿಯ ಮೂಲೆಯಲ್ಲಿ ಅದಕ್ಕೊಂದು ಸಾಣೆ ಮಿಷನ್ ಇತ್ತು. ಫೋನು ಕಿಟಕಿಯ ಪಕ್ಕದ ಗೂಡಿನಲ್ಲಿ. ಯಾರಾದರೂ ಮಾತಾಡಲು ಬಂದರೆ ಸಾಬ್ರು ಹೆಂಡತಿಯನ್ನು ಒಳಗೆ ಕಳಿಸುತ್ತಿದ್ದರು, ತಾವು ಬೆನ್ನು ತಿರುಗಿಸಿ ಕೂತು ಸಾಣೆ ಮಿಷನ್ ಹಾಕಿಬಿಡುತ್ತಿದ್ದರು. ಮಾತು ಮುಗಿಯುವ ತನಕ ಅದು ಗರ್ ಎನ್ನುತ್ತಲೇ ಇರುತ್ತಿತ್ತು.

ಒಂದು ಸಲ ಲೈನು ಕೆಟ್ಟು ನಾನೇ ಹೋಗಿದ್ದಾಗ ರೇಗಿದ್ದೆ. "ಅದನ್ನ ಆಫ್ ಮಾಡಿ ಸಾಬ್ರೇ, ಟೆಸ್ಟ್ ಮಾಡಕ್ಕೆ ಏನೂ ಕೇಳ್ತಿಲ್ಲ."

"ಮಾಡಿದೆ ಮಾಡಿದೆ ಮೇಡಂ. ಫೋನ್ ಹಿಡ್ಕೊಂಡ್ರಲ್ಲ, ಕೈ ತಾನೇ ಸ್ವಿಚ್ಚಿಗೆ ಹೋಗ್ಬಿಡ್ತು. ಅವರವರ ಮನೆ ಮಾತು ನಮಗ್ಯಾಕೆ ಹೇಳಿ?"

ಅದೇ ವಾರ ಸಾಬ್ರನ್ನು ಠಾಣೆಗೆ ಕರೆದುಕೊಂಡು ಹೋದರು.

ಸುದ್ದಿ ನನಗೆ ತಿಳಿದದ್ದು ಅವರ ಹೆಂಡತಿಯಿಂದ. ಎಕ್ಸ್‌ಚೇಂಜಿನ ಬಾಗಿಲಲ್ಲಿ ಆಕೆ ಚಪ್ಪಲಿ ಬಿಟ್ಟು ನಿಂತಿದ್ದರು, ಒಳಗೆ ಬರಲಿಲ್ಲ. ನಾನೇ ಹೊರಗೆ ಹೋದೆ.

"ನಿನ್ನೆ ಮಧ್ಯಾಹ್ನ ಊಟಕ್ಕೆ ಕೂತಿದ್ರು ಮೇಡಂ, ಕೈ ತೊಳೆಯಕ್ಕೂ ಬಿಡ್ಲಿಲ್ಲ. ಭಿವಂಡಿಗೆ ಯಾರು ಫೋನ್ ಮಾಡಿದ್ದು ಹೇಳು ಅಂತಾರಂತೆ. ಇವ್ರು ಒಂದೇ ಮಾತು, ಸಾಣೆ ಮಿಷನ್ ಹಾಕಿರ್ತೀನಿ ಸಾರ್, ನನಗೇನೂ ಕೇಳ್ಸಲ್ಲ. ಅಷ್ಟೇ ಹೇಳ್ತಾ ಕೂತವ್ರೆ. ನಮ್ಮನ್ನೇ ಆಟ ಆಡಿಸ್ತೀಯಾ ಅಂತ ಅವ್ರಿಗೆ ಕೋಪ." ಆಕೆ ಸೆರಗಿನಿಂದ ಮುಖ ಒರೆಸಿಕೊಂಡರು. "ನಾಳೆ ಬೆಂಗ್ಳೂರಿಗೆ ಕರ್ಕೊಂಡೋಗ್ತಾರಂತೆ. ಅಲ್ಲಿಗೆ ಹೋದ್ರೆ ಯಾವಾಗ ಬರ್ತಾರೋ ಏನೋ, ಸಕ್ಕರೆ ಕಾಯಿಲೆ ಮನುಷ್ಯ. ಅಲ್ಲಾ ಮೇಡಂ, ನಮ್ಮ ಫೋನಿನ ವಿಷಯ ಅವ್ರಿಗೆ ಹೇಳಿದ್ದು ಯಾರು?"

ಸುಳ್ಳು ಹೇಳಲು ಬಾಯಿ ಬರಲಿಲ್ಲ. "ನಮ್ಮ ಮಿಷನ್ನಿಂದ ತೆಗೆದು ಕೊಟ್ವಿ ಅಮ್ಮ. ಮೇಲಿನಿಂದ ಆರ್ಡರ್ ಬಂದಿತ್ತು."

"ನಿಮ್ಮ ಮಿಷನ್ ನಮ್ಮ ಮಾತೆಲ್ಲಾ ಕೇಳಿಸ್ಕೊಳ್ಳುತ್ತಾ?"

"ಇಲ್ಲ ಇಲ್ಲ. ಮಾತು ಕೇಳಿಸ್ಕೊಳ್ಳಲ್ಲ. ಯಾವ ನಂಬರಿಗೆ ಮಾಡಿದ್ರಿ ಅಂತ ಬರ್ಕೊಳ್ಳುತ್ತೆ, ಅಷ್ಟೇ."

"ಅಷ್ಟೇ ಸಾಕಾಯ್ತಲ್ಲಮ್ಮಾ," ಎಂದರು ಆಕೆ.

ನನಗೆ ಕೆನ್ನೆಗೆ ಹೊಡೆದ ಹಾಗಾಯಿತು. ಹೆಡ್‌ಫೋನು ಕೊಡಲಿಲ್ಲ ಎಂದು ಎರಡು ದಿನದಿಂದ ನನಗೆ ನನ್ನ ಮೇಲೆ ಬಹಳ ಗೌರವ ಬಂದುಬಿಟ್ಟಿತ್ತು.

ಆಕೆ ಹೋದ ಮೇಲೆ ಸಾಹೇಬರಿಗೆ ಫೋನು ಮಾಡಿದೆ. ಭಿವಂಡಿಗೆ ಮಾತಾಡಿದ್ದು ಸಾಬ್ರೇ ಎನ್ನಲು ನಮ್ಮ ಟೇಪು ಸಾಕ್ಷಿಯಲ್ಲ, ಇಲಾಖೆಯಿಂದ ಹಾಗೆಂದು ಒಂದು ಪತ್ರ ಬರೆಯೋಣ ಎಂದೆ. "ಕೇಳಿದ್ದು ಕೊಟ್ಟಾಯ್ತಲ್ಲಮ್ಮಾ, ನಮ್ಮ ಕೆಲಸ ಮುಗೀತು. ಮೈಮೇಲೆ ಯಾಕೆ ಎಳ್ಕೊಳ್ತೀಯಾ?" ಎಂದು ಇಟ್ಟುಬಿಟ್ಟರು. ನನಗೆ ಉರಿದುಹೋಯಿತು.

ಸರಿ, ಬಾಯಲ್ಲಿ ಹೇಳಿದರೆ ನಂಬದಿದ್ದರೆ ಕಣ್ಣಿಗೆ ಕಾಣುವಂತೆ ತೋರಿಸೋಣ ಎಂದುಕೊಂಡೆ. ನಮ್ಮ ಲೈನ್‌ಮನ್ ಅದೇ ಊರಿನವನು, ಆ ಬೀದಿಯ ಎಲ್ಲ ಮದುವೆಯ ಊಟವನ್ನೂ ಉಂಡವನು. ಪತ್ರಿಕೆಗಳನ್ನು ತರಲು ಹೇಳಿದೆ. ಅವನು ಮನೆ ಗೋಡೆಯ ಮೊಳೆಗೆ ಚುಚ್ಚಿದ್ದ ಪತ್ರಿಕೆಗಳ ಕಂತೆಯನ್ನೇ ಕಿತ್ತು ತಂದ. ಜೊತೆಗೆ ಸೀರೆ ಅಂಗಡಿಯ ವಿಸಿಟಿಂಗ್ ಕಾರ್ಡು, ಗೃಹಪ್ರವೇಶದ ಕಾರ್ಡು, ತಿಥಿಯ ಕಾರ್ಡು. ನನ್ನ ಮೇಜಿನ ತುಂಬ ಹರಡಿದೆವು. ಅರಿಶಿನ ಮೆತ್ತಿದ ಒಂದೊಂದು ಕಾಗದದ ಕೆಳಗೂ ಸಾಬ್ರ ನಂಬರು, ಪಕ್ಕದಲ್ಲಿ ಪಿ.ಪಿ. ನನಗೆ ಖುಷಿಯಾಯಿತು. ಇದನ್ನು ಇನ್ಸ್‌ಪೆಕ್ಟರ ಮುಂದೆ ಸುರಿದರೆ ಅವರು ಇಲ್ಲವೆನ್ನುವ ಹಾಗೇ ಇರಲಿಲ್ಲ.

ಲೈನ್‌ಮನ್‌ಗೂ ಹುರುಪು ಬಂದಿತ್ತು. "ಭೇಷಾಯ್ತು ಮೇಡಂ. ಎಲ್ಲಾರ ಹೆಸ್ರು, ಮನೆ ವಿಳಾಸ, ಬೀಗ್ರು ಯಾವೂರು, ಎಲ್ಲಾ ಐತೆ ಇದ್ರಲ್ಲಿ. ಇಡೀ ಬೀದಿನೇ ಹಿಡ್ಕೊಟ್ಟಂಗಾಯ್ತು."

ನಾನು ಕಾರ್ಡುಗಳನ್ನು ಬ್ಯಾಗಿಗೆ ತುಂಬುತ್ತಿದ್ದವಳು ಹಾಗೇ ನಿಂತೆ.

ಅವನು ಹೇಳಿದ್ದು ಮೆಚ್ಚಿಗೆಯ ಮಾತೇ. ಆದರೆ ಸರಿಯಾಗಿ ಅದನ್ನೇ ನಾನು ಮಾಡಹೊರಟಿದ್ದೆ. ಒಬ್ಬರ ವಿವರ ಕೊಟ್ಟದ್ದರಿಂದ ಆದ ತೊಂದರೆಗೆ ಬೀದಿಯವರೆಲ್ಲರ ವಿವರವನ್ನು ಕೊಡುವುದು, ಅದೂ ಈ ಸಲ ಯಾರ ಆದೇಶವೂ ಇಲ್ಲದೆ, ನಾನಾಗಿಯೇ. ಕಾರ್ಡುಗಳನ್ನೆಲ್ಲ ವಾಪಸು ಅವನ ಕೈಗೆ ಕೊಟ್ಟು ಮನೆಗೆ ಒಯ್ದು ಅದೇ ಮೊಳೆಗೆ ಚುಚ್ಚು ಎಂದೆ.

"ಯಾಕ್ ಮೇಡಂ? ಚೆನ್ನಾಗೈತಲ್ಲ?"

"ಚೆನ್ನಾಗಿದೆ ಕಣಪ್ಪ, ಅದಕ್ಕೇ. ತಗೊಂಡ್ಹೋಗು."

ಹೇಳಬೇಕಾದವರು ಆ ಫೋನಿನಲ್ಲಿ ಮಾತಾಡಿದವರು. ಹೇಳುವುದೋ ಬಿಡುವುದೋ ಅವರಿಗೆ ಬಿಟ್ಟದ್ದು. ನಾನು ಮಾಡಬಹುದಾದದ್ದು ಅವರ ಮುಂದೆ ಹೋಗಿ ನಿಂತು ಕೇಳುವುದೊಂದೇ. ಇಲಾಖೆಯವಳಾಗಿ ಹೋಗುವ ಹಾಗಿರಲಿಲ್ಲ, ಆದ್ದರಿಂದ ಅವತ್ತು ಅರ್ಧ ದಿನ, ಮಾರನೆಯ ದಿನ ಪೂರ್ತಿ ರಜೆ ಬರೆದಿಟ್ಟೆ. ರಜೆಯಲ್ಲಿ ಯಾರ ಮನೆಗಾದರೂ ಹೋಗಬಹುದಲ್ಲ. ಆಮೇಲೆ ಸಾಹೇಬರು ಮೆಮೊ ಕೊಟ್ಟಾಗ ಇದನ್ನೇ ಉತ್ತರವಾಗಿ ಬರೆದೆ, ಅದಕ್ಕೆ ಅವರು ಇನ್ನೊಂದು ಮೆಮೊ ಕೊಟ್ಟರು.

ಮಧ್ಯಾಹ್ನ ನೇಕಾರರ ಬೀದಿಗೆ ಹೋದಾಗ ಮಗ್ಗಗಳ ಸದ್ದಿಗೆ ಕಿವಿ ಗಡಚಿಕ್ಕುತ್ತಿತ್ತು. ಸಾಬ್ರ ಅಂಗಡಿಯ ಜಗಲಿಯ ಮೇಲೆ ಕೂತೆ. ಅವರ ಹೆಂಡತಿ ಚಹಾ ತಂದಿಟ್ಟರು. ಒಬ್ಬೊಬ್ಬರಾಗಿ ಜನ ಬಂದರು. ಮಗ್ಗ ನಿಲ್ಲಿಸಿ ಬಂದವರು, ಮಗು ಎತ್ತಿಕೊಂಡು ಬಂದವರು. ಸೀರೆ ಸಾಹುಕಾರರ ಗುಮಾಸ್ತನೂ ಬಂದು ಕಂಬಕ್ಕೆ ಒರಗಿ ನಿಂತ. ಆ ಬೀದಿಯ ಬಹುಪಾಲು ಮಗ್ಗಗಳಿಗೆ ನೂಲು ಕೊಟ್ಟು ಸೀರೆ ಕೊಳ್ಳುತ್ತಿದ್ದವರು ಆ ಸಾಹುಕಾರರೇ, ಯಾರ ಮನೆಯಲ್ಲಿ ಏನು ನಡೆಯುತ್ತಿದೆ ಎಂದು ನೋಡಿಕೊಳ್ಳುವುದೇ ಈ ಗುಮಾಸ್ತನ ಕೆಲಸ.

ನಾನು ಹೇಳಿದೆ: "ಸಾಬ್ರ ಫೋನಿಂದ ಹೊರಗೂರಿಗೆ ಮಾತಾಡಿದೋರು ನೀವೆಲ್ಲ. ಯಾರು ಯಾವ ಊರಿಗೆ ಅಂತ ನಾನು ಹೇಳಲ್ಲ, ನೀವೂ ಇಲ್ಲಿ ಹೇಳ್ಬೇಡಿ. ಸಾಬ್ರು ಅಲ್ಲಿ ಬಾಯಿ ಬಿಡ್ತಿಲ್ಲ. ನಾಳೆ ಬೆಳಿಗ್ಗೆ ಅವರನ್ನ ಬೆಂಗ್ಳೂರಿಗೆ ಕರ್ಕೊಂಡೋಗೋಕೆ ಮುಂಚೆ ಎಲ್ಲರೂ ಒಟ್ಟಿಗೆ ಠಾಣೆಗೆ ಹೋಗೋಣ. ಒಳಗೆ ಒಬ್ಬೊಬ್ರೇ ಹೋಗಿ, ನಾನು ಇಂಥ ಊರಿಗೆ ಇಂಥ ಕೆಲಸಕ್ಕೆ ಮಾತಾಡಿದೆ ಅಂತ ಇನ್ಸ್‌ಪೆಕ್ಟರಿಗೆ ಹೇಳಿ. ಎಲ್ಲರೂ ಹೋದ್ರೆ ಯಾರು ಯಾವ ಮಾತು ಹೇಳಿದ್ರು ಅಂತ ಬೀದಿಗೆ ಗೊತ್ತಾಗಲ್ಲ."

ಪೊಲೀಸರೆಂದರೆ ಯಾರಿಗೆ ಭಯವಿಲ್ಲ? ಕೊನೆಗೆ ಒಬ್ಬ ಅಜ್ಜಿ, "ನನ್ ಮೊಮ್ಮಗಳ ಗಂಡಿನ ಮಾತು ಮುಗಿದಿದ್ದೇ ಈ ಫೋನಿನಾಗೆ. ನಾನ್ ಬರ್ತೀನಿ ತಗಳವ್ವ," ಎಂದರು. ಆಮೇಲೆ ಇನ್ನೊಬ್ಬರು, ಮತ್ತೊಬ್ಬರು ಬರುತ್ತೇವೆಂದರು. ಗುಮಾಸ್ತನೂ, "ನಾನೂ ಬರ್ತೀನಿ ಬಿಡಿ ಮೇಡಂ, ಸಹಾಯಕ್ಕೆ," ಎಂದ. ಅವನ ಸಹಾಯ ಯಾರಿಗೂ ಬೇಕಿರಲಿಲ್ಲ, ಬೇಡವೆನ್ನುವ ಧೈರ್ಯವೂ ಯಾರಿಗೂ ಇರಲಿಲ್ಲ.

ನಾನು ಬಸ್‌ಸ್ಟ್ಯಾಂಡಿನ ಕಡೆ ನಡೆಯುತ್ತಿದ್ದಾಗ ಹಿಂದಿನಿಂದ ಒಬ್ಬ ನೇಕಾರ ಓಡಿ ಬಂದ. ಸಾಬ್ರ ಎದುರುಮನೆಯವನು, ಜಗಲಿಯ ಸಭೆಯಲ್ಲಿ ತಲೆ ತಗ್ಗಿಸಿಯೇ ಕೂತಿದ್ದವನು.

"ಮೇಡಮ್ಮೋರೆ, ಪೊಲೀಸ್ನೋರು ಹುಡುಕ್ತಾ ಇರೋ ಫೋನು ಮಾಡಿದ್ದು ನಾನು. ಭಿವಂಡಿಗೆ."

ಅವನು ಅಪ್ಪನ ಕಾಲದಿಂದ ಸಾಹುಕಾರರಿಗೇ ನೇಯುತ್ತಿದ್ದ, ಮಗ್ಗವೂ ಅವರದೇ. ಭಿವಂಡಿಯಲ್ಲಿ ಹಳೆಯ ಮಗ್ಗಗಳನ್ನು ಮಾರುತ್ತಾರೆ. ಅಂಥದೊಂದನ್ನು ಕೊಂಡು ಸ್ವಂತವಾಗಿ ನೇಯಬೇಕೆಂದು ಅವನು ಅಲ್ಲಿನ ವ್ಯಾಪಾರಿಯ ಜೊತೆ ಮಾತು ನಡೆಸುತ್ತಿದ್ದ. ವ್ಯಾಪಾರಿಗೂ ಸ್ವಂತ ಫೋನಿಲ್ಲ. ಪಕ್ಕದ ಟೀ ಅಂಗಡಿಯ ನಂಬರು ಕೊಟ್ಟಿದ್ದ, ಅಲ್ಲಿಗೆ ಆ ಪ್ರದೇಶದವರೆಲ್ಲ ಬಂದು ಮಾತಾಡುತ್ತಿದ್ದರು. ಅಂದರೆ ಆ ಕಡೆಯದೂ ಪಿ.ಪಿ. ಫೋನೇ. ಪೊಲೀಸರು ಹುಡುಕುತ್ತಿದ್ದ ಆಸಾಮಿಯೂ ಅಲ್ಲೇ ಟೀ ಕುಡಿದು ಫೋನು ಮಾಡಿರಬೇಕು.

"ಸಾಹುಕಾರ್ರಿಗೆ ಗೊತ್ತಾದ್ರೆ ಅವತ್ತೇ ನೂಲು ನಿಲ್ಲಿಸ್ತಾರೆ. ಮಗ್ಗ ಬಿಚ್ಕೊಂಡೋಗ್ತಾರೆ. ಹೊಸದು ಬರೋ ತನಕ ಮನೇಲಿ ಏನ್ ತಿನ್ನೋದು? ನನ್ ಹೆಂಡ್ತಿ ಬಿಟ್ರೆ ಯಾರಿಗೂ ಹೇಳಿಲ್ಲ. ಸಾಬ್ರಿಗೂ ಹೇಳಿಲ್ಲ. ಸಾಣೆ ಸದ್ದಿನಾಗೆ ಅವ್ರಿಗೇನೂ ಕೇಳ್ಸಿಲ್ಲ, ಪಾಪ, ಗೊತ್ತಿದ್ರೆ ಹೇಳ್ಬಿಡೋರು, ಈ ಕಷ್ಟ ಇರ್ತಿರ್ಲಿಲ್ಲ."

"ನಾಳೆ ಬಾಪ್ಪ. ಒಳಗೆ ಹೋಗಿ ನೀನೇ ಹೇಳು."

"ಗುಮಾಸ್ತ ಬರ್ತಾವ್ನಲ್ಲ."

"ಹೊರಗೆ ಕೂತಿರ್ತಾನೆ. ಒಳಗೆ ನೀನೊಬ್ಬನೇ," ಎಂದೆ ನಾನು, ಠಾಣೆಯ ಒಳಗನ್ನು ಜನ್ಮದಲ್ಲಿ ನೋಡಿರದಿದ್ದವಳು. ಅವನು ಒಮ್ಮೆ ಹಿಂದೆ ತಿರುಗಿ ನೋಡಿ, ಬೀದಿಯ ಕಡೆ ನಡೆದ.

ಬೆಳಿಗ್ಗೆ ಮಂಜು ಕವಿದಿತ್ತು. ಠಾಣೆಯ ಮುಂದೆ ಶಾಲು, ಮಫ್ಲರು, ಸ್ವೆಟರುಗಳ ಗುಂಪು ನೋಡಿ ಸೆಂಟ್ರಿ ಪೊಲೀಸು ಗಾಬರಿಯಾದ. ಎದುರುಮನೆಯ ನೇಕಾರ ಎಲ್ಲರಿಗಿಂತ ಹಿಂದೆ ನಿಂತಿದ್ದ. ಇನ್ಸ್‌ಪೆಕ್ಟರು ಹೊರಗೆ ಬಂದು ನನ್ನನ್ನು ನೋಡಿದರು.

"ಏನಮ್ಮಾ ಇದು? ಇಲಾಖೆಯಿಂದ ಬಂದ್ರಾ?"

"ರಜೆಯಲ್ಲಿದ್ದೀನಿ ಸಾರ್. ಇವರೆಲ್ಲ ಆ ಫೋನಿನೋರು. ನೀವು ಅವತ್ತು ಕೇಳಿದ್ರಲ್ಲ, ಫೋನು ಯಾರದ್ದು ಅಂತ."

ಅವರು ಗುಂಪಿನ ಮೇಲೆ ಒಮ್ಮೆ ಕಣ್ಣಾಡಿಸಿದರು. ಬೈಯುತ್ತಾರೆ ಎಂದುಕೊಂಡೆ. ಬೈಯಲಿಲ್ಲ. "ಒಬ್ಬೊಬ್ರೇ ಕಳ್ಸಿ," ಎಂದು ಒಳಗೆ ಹೋದರು.

ಒಳಗೆ ಹೋದ ಮೇಲೆ ನನ್ನ ತಪ್ಪು ನನಗೆ ಗೊತ್ತಾಯಿತು. ಇನ್ಸ್‌ಪೆಕ್ಟರು ಕೂತಿದ್ದ ಕೋಣೆಗೆ ಬಾಗಿಲೇ ಇರಲಿಲ್ಲ, ಒಂದು ಖಾಕಿ ಪರದೆ ಇತ್ತು. ಅದರ ಈಚೆ ಉದ್ದದ ಬೆಂಚು, ಬೆಂಚಿನ ತುದಿಯಲ್ಲಿ ಲಾಳಿ ಸಾಬ್ರು. ಗಡ್ಡ ಬೆಳೆದು, ಮುಖ ಇಳಿದುಹೋಗಿತ್ತು. ಬೀದಿಯವರನ್ನೆಲ್ಲ ಅಲ್ಲಿ ನೋಡಿ ಎದ್ದು ನಿಲ್ಲಲು ಹೋದರು, ಕಾನ್‌ಸ್ಟೇಬಲ್ ಕೂರಿಸಿದ.

ಅಜ್ಜಿ ಮೊದಲು ಹೋದರು. ಪರದೆಯ ಆಚೆಯ ಒಂದೊಂದು ಮಾತೂ ನಮಗೆ ಕೇಳುತ್ತಿತ್ತು. ಮೊಮ್ಮಗಳ ಗಂಡು ಕುಳ್ಳ ಎಂದು ಮೊದಲು ಬೇಡವೆಂದದ್ದು, ಆಮೇಲೆ ಒಪ್ಪಿದ್ದು, ಧರ್ಮಾವರದ ಬೀಗರು ಬಳೆಯ ವಿಷಯದಲ್ಲಿ ಜಗ್ಗಾಡಿದ್ದು. ಬೆಂಚಿನ ಮೇಲಿದ್ದವರು ಬಾಯಿ ಮುಚ್ಚಿಕೊಂಡು ನಕ್ಕರು. ಆಮೇಲೆ ಹೋದವನು ಜರಿಯ ವಿಷಯ ಹೇಳಿದ, ಅದೂ ಕೇಳಿತು. ಇನ್ನೊಬ್ಬ ಹೆಂಗಸು ಸೇಲಮ್ಮಿನಲ್ಲಿ ಅಕ್ಕನ ಆಪರೇಷನ್ ಎಂದದ್ದೂ ಕೇಳಿತು. ನಾನು ಕೊಟ್ಟ ಮಾತು ಎಲ್ಲರ ಮುಂದೆ ಸುಳ್ಳಾಗುತ್ತಿತ್ತು, ಮಾಡುವುದೇನೆಂದು ಹೊಳೆಯಲಿಲ್ಲ.

ಗುಮಾಸ್ತ ಬೆಂಚಿನ ಮೇಲೆ ಜರುಗುತ್ತಾ ಜರುಗುತ್ತಾ ಪರದೆಯ ಪಕ್ಕಕ್ಕೇ ಬಂದು ಕೂತಿದ್ದ.

ಎದುರುಮನೆಯ ನೇಕಾರನ ಸರದಿ ಬಂತು. ಅವನು ಗುಮಾಸ್ತನನ್ನು ನೋಡಿದ, ನನ್ನನ್ನು ನೋಡಿದ. ಓಡಿಹೋಗುತ್ತಾನೆ ಎಂದುಕೊಂಡೆ. ಆಮೇಲೆ ಅವನು ಸಾಬ್ರ ಕಡೆ ನೋಡಿದ. ಸಾಬ್ರು ಅವನನ್ನು ನೋಡಲಿಲ್ಲ. ನೇಕಾರ ಪರದೆ ಸರಿಸಿ ಒಳಗೆ ಹೋದ.

"ಸ್ವಾಮಿ," ಎಂದರು ಸಾಬ್ರು ಕಾನ್‌ಸ್ಟೇಬಲ್‌ಗೆ. ಮೂಲೆಯಲ್ಲಿ ಬೇಸಿಗೆಯಿಂದ ಉಳಿದ ಒಂದು ಹಳೆಯ ಸ್ಟ್ಯಾಂಡ್ ಫ್ಯಾನು ನಿಂತಿತ್ತು, ಅದರ ಜಾಲರಿಗೆ ತಂತಿ ಸುತ್ತಿತ್ತು. "ಆ ಫ್ಯಾನು ಸ್ವಲ್ಪ ಹಾಕಿ."

"ಏನ್ ಸಾಬ್ರೇ, ತಲೆ ಕೆಟ್ಟಿದೆಯಾ? ಈ ಚಳೀಲಿ ಫ್ಯಾನಾ?"

"ಸಕ್ಕರೆ ಕಾಯಿಲೆ ಸ್ವಾಮಿ. ಒಂದೊಂದ್ಸಲ ಒಳಗಿಂದ ಕಾವು ಎದ್ಬಿಡುತ್ತೆ. ಹಾಕಿ, ಪುಣ್ಯ ಬರುತ್ತೆ."

ಕಾನ್‌ಸ್ಟೇಬಲ್ ಗೊಣಗುತ್ತಾ ಸ್ವಿಚ್ ಒತ್ತಿದ. ಬೇರಿಂಗ್ ಸವೆದ ಫ್ಯಾನು ಮೊದಲು ಕಿರುಗುಟ್ಟಿತು, ಆಮೇಲೆ ಜಾಲರಿ ಗಡಗಡ ಅಲುಗತೊಡಗಿ ಇಡೀ ಠಾಣೆ ತುಂಬ ಅದರದೇ ಸದ್ದಾಯಿತು. ಎಲ್ಲರೂ ಶಾಲು ಬಿಗಿಯಾಗಿ ಹೊದ್ದುಕೊಂಡರು. ಗುಮಾಸ್ತ ಪರದೆಯ ಕಡೆಗೆ ತಲೆ ವಾಲಿಸಿದ, ಇನ್ನೂ ವಾಲಿಸಿದ, ಆಮೇಲೆ ಬೇಸತ್ತು ಗೋಡೆಗೆ ಒರಗಿದ. ಸಾಬ್ರು ಮಾತ್ರ ತೆಳ್ಳಗಿನ ಅಂಗಿಯಲ್ಲಿ, ಆ ಗಾಳಿಗೆ ನೇರವಾಗಿ, ಪರದೆಗೆ ಬೆನ್ನು ಹಾಕಿ ಕೂತಿದ್ದರು. ಅವರ ಹಲ್ಲು ಕಟಕಟ ಎನ್ನುತ್ತಿದ್ದುದು ನನಗೆ ಕಾಣುತ್ತಿತ್ತು.

ಅಜ್ಜಿ ಹೋದಾಗ ಅವರು ಫ್ಯಾನು ಕೇಳಿರಲಿಲ್ಲ. ಜರಿಯವನು ಹೋದಾಗಲೂ ಕೇಳಿರಲಿಲ್ಲ. ಭಿವಂಡಿಗೆ ಮಾತಾಡಿದವನು ಯಾರು ಎಂದು ಮೊದಲ ದಿನದಿಂದಲೂ ಅವರಿಗೆ ಗೊತ್ತಿತ್ತು.

ಆಮೇಲೆ ನನಗೆ ತಿಳಿದಂತೆ, ಇನ್ಸ್‌ಪೆಕ್ಟರು ಒಳಗೆ ಠಾಣೆಯ ಫೋನಿನಿಂದ ಭಿವಂಡಿಯ ಆ ಟೀ ಅಂಗಡಿಗೆ ಮಾಡಿ, ಮಗ್ಗದ ವ್ಯಾಪಾರಿಯನ್ನು ಕರೆಸಿ, ವಿಚಾರಿಸಿಕೊಂಡರು. ಬಹಳ ಹೊತ್ತು ಹಿಡಿಯಿತು. ನೇಕಾರ ಹೊರಗೆ ಬಂದು ಯಾರ ಮುಖವನ್ನೂ ನೋಡದೆ ನಡೆದುಬಿಟ್ಟ. ಆಮೇಲೆ ಇನ್ಸ್‌ಪೆಕ್ಟರು ಪರದೆ ಸರಿಸಿ, ತಿರುಗುತ್ತಿದ್ದ ಫ್ಯಾನು ನೋಡಿದರು, ಸಾಬ್ರನ್ನು ನೋಡಿದರು.

"ಹೋಗಿ ಸಾಬ್ರೇ ಮನೆಗೆ," ಎಂದರು.

ಸಾಬ್ರು ಎದ್ದರು. ಮೊಣಕಾಲು ಹಿಡಿದುಕೊಂಡಿತ್ತು, ಗೋಡೆ ಹಿಡಿದು ಮೂಲೆಗೆ ಹೋದರು, ಫ್ಯಾನು ತಾವೇ ಆಫ್ ಮಾಡಿದರು.